ಸೋರುವ ಮನೆಯನ್ನು ಇದ್ದ ಸ್ಥಿತಿಯಲ್ಲೇ ಮಾರಬಹುದೇ?

ಪ್ರಶ್ನೆ: ಮಡಿಕೇರಿಗೆ ಸಮೀಪದ ಗ್ರಾಮ ಪಂಚಾಯಿತಿಯೊಂದರ ವ್ಯಾಪ್ತಿಯಲ್ಲಿ, ನಮ್ಮ ತಂದೆಯವರು ಕ್ರಯಕ್ಕೆ ಪಡೆದ 12 ಸೆಂಟ್ ಜಾಗದಲ್ಲಿ 1979ರಲ್ಲಿ ಕಟ್ಟಿಸಿದ ಹೆಂಚಿನ ಮನೆ ಇದೆ. ಮೂರು ವರ್ಷಗಳ ಹಿಂದೆ ಅವರು ತೀರಿಕೊಂಡರು, ಉಯಿಲು ಬರೆದಿಲ್ಲ. ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ತಾಯಿ ಮೈಸೂರಿನಲ್ಲಿ ನನ್ನ ಜೊತೆಗಿದ್ದಾರೆ, ತಂಗಿ ವಿರಾಜಪೇಟೆಯಲ್ಲಿ, ತಮ್ಮ ದುಬೈಯಲ್ಲಿ. ಅಡುಗೆಮನೆಯ ಮಾಡು ಸೋರುತ್ತದೆ, ಪಕ್ಕಾಸುಗಳಿಗೆ (ಹೆಂಚು ಹೊರುವ ಮರದ ತೊಲೆಗಳಿಗೆ) ಗೆದ್ದಲು ಹಿಡಿದಿದೆ, ಪೂರ್ವದ ಗೋಡೆ ಬಿರಿದಿದೆ, ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) 2018ರ ಮಳೆಯಲ್ಲಿ ಸ್ವಲ್ಪ ಜರಿದಿತ್ತು. ಎಲ್ಲವನ್ನೂ ಸರಿಪಡಿಸಲು 11 ಲಕ್ಷ ರೂಪಾಯಿ ಬೇಕೆಂದು ಮೇಸ್ತ್ರಿ ಹೇಳುತ್ತಾರೆ. ಅಷ್ಟು ಹಣ ನಮ್ಮಲ್ಲಿಲ್ಲ. ಸುಣ್ಣಬಣ್ಣ ಹೊಡೆಸಿದರೆ ಸಾಕು, ಬೇಸಿಗೆಯಲ್ಲೇ ಮಾರಿಸಿಕೊಡುತ್ತೇನೆ ಎಂದು ದಲ್ಲಾಳಿ ಹೇಳುತ್ತಿದ್ದಾರೆ. ರಿಪೇರಿ ಮಾಡಿಸದೆ ಮಾರಿದರೆ ಮುಂದೆ ತೊಂದರೆ ಆಗುತ್ತದೆಯೇ?

ಉತ್ತರ: ನಿಮ್ಮ ಮನೆಯನ್ನು ಈಗಿರುವ ಸ್ಥಿತಿಯಲ್ಲಿಯೇ ಮಾರಬಹುದು. ಮಾರುವ ಮೊದಲು ಮನೆಯನ್ನು ದುರಸ್ತಿ ಮಾಡಿಕೊಡಬೇಕೆಂದು ಯಾವ ಕಾನೂನೂ ಮಾಲೀಕನನ್ನು ಒತ್ತಾಯಿಸುವುದಿಲ್ಲ. ಆದರೆ ದಲ್ಲಾಳಿಯವರು ಹೇಳಿದ ಸುಣ್ಣಬಣ್ಣದ ಕೆಲಸವನ್ನು ದಯವಿಟ್ಟು ಮಾಡಿಸಬೇಡಿ. ರಿಪೇರಿ ಮಾಡಿಸದಿರುವುದು ನಿಮ್ಮ ಹಕ್ಕಾದರೂ ದೋಷವನ್ನು ಮರೆಮಾಚುವ ಹಕ್ಕು ನಿಮಗಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಮೇಜಿಗೆ ಬಂದ ಹಳೆಯ ಮನೆಗಳ ವ್ಯಾಜ್ಯಗಳಲ್ಲಿ ಹೆಚ್ಚಿನವು ಸೋರುವ ಮಾಡಿನಿಂದ ಹುಟ್ಟಿದವಲ್ಲ, ಸೋರುತ್ತದೆಂದು ಮೊದಲೇ ಹೇಳದೆ ಇದ್ದುದರಿಂದ ಹುಟ್ಟಿದವು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮು ಮಾರುವವರ ಮತ್ತು ಕೊಳ್ಳುವವರ ಕರ್ತವ್ಯಗಳನ್ನು ಹೇಳುತ್ತದೆ. ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಒಂದು ಮುಖ್ಯವಾದ ದೋಷವಿದ್ದು, ಅದು ಮಾರುವವರಿಗೆ ತಿಳಿದಿದ್ದು, ಕೊಳ್ಳುವವರಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವರ ಕಣ್ಣಿಗೆ ಬೀಳದಂಥದ್ದಾಗಿದ್ದರೆ, ಅದನ್ನು ಮಾರುವವರು ತಾವಾಗಿಯೇ ತಿಳಿಸಬೇಕು. ತಿಳಿಸದಿದ್ದರೆ ಅದನ್ನು ಆ ಕಲಮು ವಂಚನೆಯೆಂದೇ ಪರಿಗಣಿಸುತ್ತದೆ. ಒಡೆದ ಹೆಂಚು, ಕಣ್ಣಿಗೆ ಕಾಣುವ ಬಿರುಕು ಇಂಥವನ್ನು ಕೊಳ್ಳುವವರೇ ನೋಡಿಕೊಳ್ಳಬೇಕು. ಮುಚ್ಚಿಗೆಯ ಮೇಲೆ ಅಡಗಿದ ಗೆದ್ದಲನ್ನು ನೀವೇ ಹೇಳಬೇಕು.

ಕೊಡಗಿನಲ್ಲಿ ಈ ವ್ಯತ್ಯಾಸಕ್ಕೆ ಬೇರೆ ಊರುಗಳಲ್ಲಿ ಇಲ್ಲದ ಒಂದು ಅರ್ಥವಿದೆ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಹೊತ್ತಿಗೆ, ಅಂದರೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದು ಮನೆ ನೋಡುವವರಿಗೆ ಕಾಣುವುದು ಒಣಗಿದ ಗೋಡೆ, ಒಣಗಿದ ನೆಲ, ಗಟ್ಟಿಯಾಗಿ ನಿಂತಂತಿರುವ ಬರೆ. ಅದೇ ಮನೆಯ ನಿಜವಾದ ಸ್ಥಿತಿ ಜುಲೈ, ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಎಷ್ಟೇ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ಅಲ್ಲಿ ಬಾಳಿದ ನಿಮಗೆ ಚೆನ್ನಾಗಿ ಗೊತ್ತಿರುವ ದೋಷವೇ ಕಾನೂನು ಹೇಳುವ ಗುಪ್ತ ದೋಷ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಮನೆ ಮಾರುವವರು ತಮ್ಮನ್ನು ಕೇಳಿಕೊಳ್ಳಬೇಕಾದದ್ದು ಇಷ್ಟು: ಜುಲೈಯಲ್ಲಿ ಈ ಮನೆಯೊಳಗೆ ಏನಾಗುತ್ತದೆಂದು ನನಗೆ ಗೊತ್ತಿರುವುದೆಲ್ಲ ಕೊಳ್ಳುವವರಿಗೂ ಗೊತ್ತಾಗಿದೆಯೇ?

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದ ಒಂದು ಪ್ರಕರಣವನ್ನು ಹೇಳುತ್ತೇನೆ. ಮಾರುವವರು ಒಳ್ಳೆಯ ಕುಟುಂಬದವರು, ಮೋಸದ ಉದ್ದೇಶ ಅವರಿಗಿರಲಿಲ್ಲ. ಮಲಗುವ ಕೋಣೆಯ ಪಶ್ಚಿಮದ ಗೋಡೆಯಲ್ಲಿ ಪ್ರತಿ ಮಳೆಗಾಲವೂ ಆಳೆತ್ತರಕ್ಕೆ ತೇವ ಏರುತ್ತಿತ್ತು. ಮಾರ್ಚಿನಲ್ಲಿ ಅದಕ್ಕೆ ಪುಟ್ಟಿ ಹಚ್ಚಿಸಿ, ತಿಳಿ ಹಳದಿ ಬಣ್ಣ ಹೊಡೆಸಿ, ಮನೆ ತೋರಿಸಿದರು. ಏಪ್ರಿಲ್‌ನಲ್ಲಿ ಕ್ರಯಪತ್ರ ನೋಂದಣಿಯಾಯಿತು. ಜೂನ್ ಕೊನೆಯ ವಾರ ಕೊಂಡವರು ನನಗೆ ತೋರಿಸಿದ ಗೋಡೆಯಲ್ಲಿ ಬಣ್ಣವು ಅಂಗೈಯಗಲದ ಹಪ್ಪಳಗಳಾಗಿ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಒಳಗಿನ ಹಳೆಯ ಕಪ್ಪು ಬೂಷ್ಟು ಕಾಣುತ್ತಿತ್ತು, ಅದರ ಕೆಳಗೆ ಅದಕ್ಕೂ ಹಿಂದಿನ ವರ್ಷಗಳ ಬಣ್ಣಗಳು ಒಂದರ ಮೇಲೊಂದು ಪದರವಾಗಿ ಕುಳಿತಿದ್ದವು. ಈ ಗೋಡೆ ಹಲವು ಮಳೆಗಾಲ ಹೀಗೇ ನೆನೆದಿದೆ ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಕ್ರಯಪತ್ರದಲ್ಲಿ 'ಇದ್ದ ಸ್ಥಿತಿಯಲ್ಲಿ' ಎಂಬ ಮಾತು ಇತ್ತು, ಆದರೂ ಅದು ಮಾರಿದವರ ನೆರವಿಗೆ ಬರಲಿಲ್ಲ. ಕೊನೆಗೆ ಗೋಡೆ ಸರಿಪಡಿಸುವ ಖರ್ಚಿಗಿಂತ ಬಹಳ ಹೆಚ್ಚು ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ವಂಚನೆಯ ಆಧಾರದ ದಾವೆಗೆ 1963ರ ಕಾಲಮಿತಿ ಕಾಯ್ದೆಯ ಗಡುವು ವಂಚನೆ ತಿಳಿದ ದಿನದಿಂದ ಎಣಿಕೆಯಾಗುವುದರಿಂದ, ಮಾರಿ ಎರಡು ಮಳೆಗಾಲ ಕಳೆಯಿತೆಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲೂ ಆಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? 'ಇದ್ದ ಸ್ಥಿತಿಯಲ್ಲಿ' ಎಂಬ ಒಂದು ಪದವನ್ನು ನಂಬಿ ಕೂರುವ ಬದಲು ಆ ಸ್ಥಿತಿ ಯಾವುದೆಂದು ಬರೆದು ಕೊಡಿ. ಕರಾರು ಪತ್ರಕ್ಕೆ ಒಂದು ಅನುಬಂಧ ಸೇರಿಸಿ, ಪ್ರತಿ ಕೋಣೆಯ ದೋಷವನ್ನು ಬಿಡಿಸಿ ಬರೆಸಿ, ದಿನಾಂಕ ಕಾಣುವ ಫೋಟೋಗಳನ್ನು ಲಗತ್ತಿಸಿ, ಎರಡೂ ಕಡೆಯವರು ಪ್ರತಿ ಪುಟಕ್ಕೂ ಸಹಿ ಹಾಕಿ. ಕರಾರಿನೊಳಗಿನ ಮಾತು ಹೆಚ್ಚುಕಡಿಮೆ ಹೀಗಿರಲಿ: 'ಷೆಡ್ಯೂಲ್ ಸ್ವತ್ತಿನ ಮನೆಯು 1979ರಲ್ಲಿ ಕಟ್ಟಿದ ಹೆಂಚಿನ ಮನೆಯಾಗಿದ್ದು, ಅನುಬಂಧದಲ್ಲಿ ನಮೂದಿಸಿದ ದೋಷಗಳನ್ನು ಮಾರಾಟಗಾರರು ಖರೀದಿದಾರರಿಗೆ ತಿಳಿಸಿರುತ್ತಾರೆ. ಖರೀದಿದಾರರು ಸ್ವತ್ತನ್ನು ಖುದ್ದಾಗಿಯೂ ತಮ್ಮ ಇಂಜಿನಿಯರ್ ಮೂಲಕವೂ ಪರಿಶೀಲಿಸಿ, ಸದರಿ ದೋಷಗಳನ್ನು ಗಣನೆಗೆ ತೆಗೆದುಕೊಂಡೇ ಬೆಲೆಯನ್ನು ಒಪ್ಪಿರುತ್ತಾರೆ. ದುರಸ್ತಿಯ ಹೊಣೆ ಮಾರಾಟಗಾರರದ್ದಾಗಿರುವುದಿಲ್ಲ.' ಇದೇ ಮಾತು ಕ್ರಯಪತ್ರದಲ್ಲಿಯೂ ಬರಬೇಕು, ಏಕೆಂದರೆ ನಾಳೆ ನ್ಯಾಯಾಲಯ ಮೊದಲು ನೋಡುವುದು ನೋಂದಣಿಯಾದ ಆ ಪತ್ರವನ್ನೇ.

ನಿಮ್ಮ ಪಟ್ಟಿಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಬರೆ. ಮಾಡು ಸೋರಿದರೆ ಹಣ ಹೋಗುತ್ತದೆ, ಬರೆ ಕುಸಿದರೆ ಜೀವ ಹೋಗುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಸುತ್ತ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಜರಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 2018ರ ಕುಸಿತಗಳನ್ನು ಅಧ್ಯಯನ ಮಾಡಿ, ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನು ಒಂದು ದೊಡ್ಡ ಕಾರಣವೆಂದು ಗುರುತಿಸಿದ್ದರು. ನಿಮ್ಮ ಮನೆಯ ಹಿಂದೆ ಮಣ್ಣು ಯಾವ ವರ್ಷ, ಎಷ್ಟು ದೂರ ಬಂತು, ಗೋಡೆಗೆ ತಾಗಿತೇ, ಆಮೇಲೆ ಮತ್ತೆ ಜರಿದಿದೆಯೇ ಎಂಬುದನ್ನು ಅನುಬಂಧದಲ್ಲಿ ಒಂದು ಪೂರ್ತಿ ಪ್ಯಾರಾ ಆಗಿ ಬರೆಸಿ. ಆಗ ನಿಮ್ಮ ತಂದೆಯವರು ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿ ಸರ್ಕಾರಿ ಕಡತದಲ್ಲಿ ಇದ್ದೇ ಇರುತ್ತದೆ. ನೀವು ಹೇಳದಿದ್ದರೂ ಅದು ಒಂದು ದಿನ ಹೊರಗೆ ಬರುತ್ತದೆ. ಎಂಟು ವರ್ಷದ ಮಗುವನ್ನು ಕರೆದುಕೊಂಡು ಆ ಮನೆಗೆ ಬರುವ ಕುಟುಂಬ ಮಳೆಗಾಲದಲ್ಲಿ ಹಿಂದಿನ ಕೋಣೆಯಲ್ಲಿ ಮಲಗಬಾರದೆಂದು ತಿಳಿದುಕೊಂಡೇ ಬರಬೇಕು. ಇದನ್ನು ನಾನು ಕಾನೂನಿನ ಮಾತಾಗಿ ಮಾತ್ರ ಹೇಳುತ್ತಿಲ್ಲ.

ಇನ್ನು 11 ಲಕ್ಷದ ವಿಚಾರ. ಸಾಲ ಮಾಡಿ ಆ ಕೆಲಸ ಮಾಡಿಸುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಲವತ್ತು ವರ್ಷ ದಾಟಿದ ಹೆಂಚಿನ ಮನೆಯನ್ನು ಕೊಳ್ಳುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ ಬೇಕಾದದ್ದು ಜಾಗ ಮಾತ್ರ. ಅವರು ಮನೆಯನ್ನು ಇಳಿಸಿ ಬೇರೆ ಕಟ್ಟುತ್ತಾರೆ, ನೀವು ಹಾಕಿಸಿದ ಹೊಸ ಪಕ್ಕಾಸಿಗೆ ಅವರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಇನ್ನು ಕೆಲವರಿಗೆ ಹಳೆಯ ಮನೆಯೇ ಬೇಕು, ಹೋಂಸ್ಟೇಗೋ ವಾಸಕ್ಕೋ. ಆದರೆ ಅವರು ತಮ್ಮದೇ ಆದ ನಕ್ಷೆ ಮತ್ತು ಮೇಸ್ತ್ರಿಯೊಂದಿಗೆ ಬರುತ್ತಾರೆ. ಮಾರುವ ಅವಸರದಲ್ಲಿ ಕಟ್ಟಿದ ತಡೆಗೋಡೆಯನ್ನು ಅವರ ಇಂಜಿನಿಯರ್ ನಂಬುವುದೂ ಇಲ್ಲ. ಅದರ ಹಿಂದೆ ಜಲ್ಲಿ ತುಂಬಿಸಿದ್ದಾರೆಯೇ, ನೀರು ಹೊರಹೋಗಲು ಕಿಂಡಿ ಬಿಟ್ಟಿದ್ದಾರೆಯೇ, ಬುಡ ಎಷ್ಟು ಆಳಕ್ಕೆ ಹೋಗಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ನೆನೆದ ಮಣ್ಣಿನ ಭಾರವನ್ನು ತಡೆಯುವುದೋ ಬಿಡುವುದೋ ನಿರ್ಧಾರವಾಗುವುದು ಇವುಗಳಿಂದಲೇ.

ಹಾಗೆಂದು ಮೇಸ್ತ್ರಿ ಕೊಟ್ಟ ಅಂದಾಜು ವ್ಯರ್ಥವಲ್ಲ. ಅದನ್ನು ಕೆಲಸವಾರು ಬಿಡಿಸಿ ಬರೆಸಿಕೊಂಡು, ಬಂದವರ ಕೈಗೆ ನೀವೇ ಕೊಡಿ. ಹಳೆಯ ಮನೆಯನ್ನು ನೋಡಿದ ಕೂಡಲೇ ಜನರು ಖರ್ಚನ್ನು ಊಹಿಸಿಕೊಳ್ಳುತ್ತಾರೆ, ಮತ್ತು ಊಹೆಯ ಖರ್ಚು ನಿಜವಾದ ಖರ್ಚಿಗಿಂತ ಯಾವಾಗಲೂ ದೊಡ್ಡದಾಗಿರುತ್ತದೆ. ಕಾಗದದ ಮೇಲೆ ಲೆಕ್ಕವಿದ್ದರೆ ಚೌಕಾಶಿ ಆ ಲೆಕ್ಕದ ಸುತ್ತಲೇ ನಡೆಯುತ್ತದೆ. ಬೆಲೆ ನಿಗದಿ ಮಾಡುವಾಗ ಜಾಗದ ಬೆಲೆಯನ್ನು ಮೊದಲು ಪ್ರತ್ಯೇಕವಾಗಿ ತಿಳಿದುಕೊಳ್ಳಿ. ಅದಕ್ಕಿಂತ ಕೆಳಗೆ ಇಳಿಯಬೇಕಾದ ಕಾರಣವಿಲ್ಲ, ಬರೆಯ ಭಾಗದಷ್ಟು ಜಾಗ ಬಳಕೆಗೆ ಬರುವುದಿಲ್ಲವೆಂಬ ಕಡಿತವನ್ನು ಬಿಟ್ಟರೆ. ಮನೆಯ ಮರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಕಾಲದಲ್ಲಿ ಕಟ್ಟಿದ ಎಷ್ಟೋ ಮನೆಗಳ ಬಾಗಿಲು, ದಾರಂದ, ಕಿಟಕಿಗಳು ತೇಗದವೋ ಹಲಸಿನವೋ ಆಗಿದ್ದು, ಗೆದ್ದಲು ಪಕ್ಕಾಸನ್ನು ತಿಂದರೂ ಅವುಗಳನ್ನು ಮುಟ್ಟಿರುವುದಿಲ್ಲ. ಅವು ಬೆಲೆಯಲ್ಲಿ ಸೇರಿವೆಯೇ, ನೀವು ಕೆಲವನ್ನು ಬಿಚ್ಚಿ ಒಯ್ಯುತ್ತೀರೋ ಎಂಬುದನ್ನು ಕರಾರಿನಲ್ಲಿಯೇ ಬರೆಯಬೇಕು. ನಿಮ್ಮ ತಾಯಿಯವರಿಗೆ ದೇವರ ಕೋಣೆಯ ಬಾಗಿಲು ಬೇಕೆನಿಸಿದರೆ ಅದನ್ನು ಈಗಲೇ ಹೇಳಲಿ.

ಬ್ಯಾಂಕ್ ಸಾಲದಲ್ಲಿ ಕೊಳ್ಳುವವರು ಬಂದರೆ ಬ್ಯಾಂಕಿನ ಮೌಲ್ಯಮಾಪಕರು ಇಂಥ ಕಟ್ಟಡಕ್ಕೆ ಬಹಳ ಕಡಿಮೆ ಬೆಲೆ ಕಟ್ಟುತ್ತಾರೆ ಎಂಬುದು ನೆನಪಿರಲಿ. ಸಾಲ ಮಂಜೂರಾಗದಿದ್ದರೆ ಮುಂಗಡ ಹಣದ ಗತಿಯೇನು ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿ.

ದೊಡ್ಡ ರಿಪೇರಿ ಬೇಡವೆಂದರೂ ಕೆಲವು ಸಣ್ಣ ಕೆಲಸಗಳನ್ನು ಮಾಡಿಸಲೇಬೇಕು. ಜಾರಿದ, ಒಡೆದ ಹೆಂಚುಗಳನ್ನು ಬದಲಿಸಿ. ಮನೆಯ ಸುತ್ತಲಿನ ಚರಂಡಿ ಬಿಡಿಸಿ, ಬರೆಯ ಮೇಲಿನ ನೀರು ಮನೆಯ ಕಡೆಗೆ ಹರಿಯದಂತೆ ತಿರುಗಿಸಿ. ಕಾಡು ಕಡಿಸಿ, ಬರೆ ಕಣ್ಣಿಗೆ ಕಾಣುವಂತಿರಲಿ. ಸೆಸ್ಕ್‌ನ ವಿದ್ಯುತ್ ಬಿಲ್ ಬಾಕಿ ಉಳಿಸಿಕೊಂಡು ಸಂಪರ್ಕ ಕಡಿಸಿಕೊಳ್ಳಬೇಡಿ. ಇವು ಮನೆಯ ಅಂದಕ್ಕಾಗಿ ಮಾಡುವ ಕೆಲಸಗಳಲ್ಲ. ನಾನು ಹೇಳಿದ 55ನೆಯ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಕರಾರಾದ ದಿನದಿಂದ ಸ್ವಾಧೀನ ಬಿಟ್ಟುಕೊಡುವ ದಿನದವರೆಗೆ, ವಿವೇಕಿಯಾದ ಮಾಲೀಕನು ತನ್ನ ಸ್ವತ್ತನ್ನು ನೋಡಿಕೊಳ್ಳುವಂತೆಯೇ ಮಾರುವವರು ಅದನ್ನು ನೋಡಿಕೊಳ್ಳಬೇಕು. ಒಡೆತನ ವರ್ಗವಾಗುವವರೆಗೆ ಸ್ವತ್ತಿಗೆ ಬರುವ ನಷ್ಟವೂ ನಿಮ್ಮದೇ.

ಇಲ್ಲಿ ಮಳೆಗಾಲ ಮತ್ತೆ ಅಡ್ಡ ಬರುತ್ತದೆ. ಮೇ ತಿಂಗಳಲ್ಲಿ ಕರಾರು ಮಾಡಿಕೊಂಡು, ಆರು ತಿಂಗಳ ಗಡುವು ಇಟ್ಟು, ನವೆಂಬರ್‌ನಲ್ಲಿ ನೋಂದಣಿ ಎಂದು ಒಪ್ಪಿಕೊಂಡರೆ, ಆ ನಡುವೆ ಇಡೀ ಮುಂಗಾರು ನಿಮ್ಮ ತಲೆಯ ಮೇಲೆ ಸುರಿಯುತ್ತದೆ. ಮೇಯಲ್ಲಿ ನೋಡಿದ 'ಇದ್ದ ಸ್ಥಿತಿ' ನವೆಂಬರ್‌ನಲ್ಲಿ ಉಳಿದಿರುವುದಿಲ್ಲ. ಒಂದು ಕೋಣೆಯ ಗೋಡೆ ಬಿದ್ದರೆ ಬೆಲೆ ಎಷ್ಟು ಇಳಿಯುತ್ತದೆ, ಬರೆ ಜರಿದರೆ ಖರೀದಿದಾರರು ಕರಾರಿನಿಂದ ಹೊರಬರಬಹುದೇ, ಮುಂಗಡ ಯಾವಾಗ ಹಿಂತಿರುಗುತ್ತದೆ ಎಂಬುದನ್ನು ಬರೆಯದೆ ಇಂಥ ಕರಾರಿಗೆ ಸಹಿ ಹಾಕಬೇಡಿ. ಆಗ ಕೊಳ್ಳುವವರು ಒಂದು ಸಲಹೆ ಕೊಡುವುದುಂಟು: ಕೀಲಿ ಕೊಡಿ, ಮಳೆ ಹಿಡಿಯುವ ಮೊದಲು ನಾವೇ ಹೆಂಚು ಹೊದಿಸಿಕೊಳ್ಳುತ್ತೇವೆ ಎಂದು. ಕೇಳಲು ಅದು ಎರಡೂ ಕಡೆಗೆ ಅನುಕೂಲವಾದ ಮಾತು. ಆದರೆ ಸ್ವಾಧೀನ ಕೊಟ್ಟು ಮಾಡಿಕೊಂಡ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ವ್ಯವಹಾರ ಮುರಿದರೆ, ಮಾಡು ಬಿಚ್ಚಿದ ಮನೆ ಮತ್ತು ಅದರೊಳಗೆ ಹಣ ಹಾಕಿ ಕುಳಿತವರು ಇಬ್ಬರೂ ನಿಮ್ಮ ಪಾಲಿಗೆ ಉಳಿಯುತ್ತಾರೆ. ನೋಂದಣಿಯಾಗುವವರೆಗೆ ಕೀಲಿ ನಿಮ್ಮಲ್ಲೇ ಇರಲಿ.

ಮನೆಯ ರಿಪೇರಿಯನ್ನು ಬಿಡಬಹುದು, ದಾಖಲೆಯ ರಿಪೇರಿಯನ್ನು ಬಿಡಲಾಗದು. ನಿಮ್ಮ 11 ಲಕ್ಷದ ಚಿಂತೆಗಿಂತ ಇದು ದೊಡ್ಡದೆಂದು ನನಗೆ ತೋರುತ್ತದೆ. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿರುವುದರಿಂದ, ಅವರ ಸ್ವಯಾರ್ಜಿತವಾದ ಈ ಸ್ವತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ತಾಯಿ, ನೀವು, ತಂಗಿ, ತಮ್ಮ, ಈ ನಾಲ್ವರಿಗೂ ಸಮವಾಗಿ ಸೇರಿದೆ. ತಂಗಿಗೆ ಮದುವೆಯಲ್ಲಿ ಕೊಟ್ಟಿದ್ದೇವೆ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಅವರೂ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ದುಬೈಯಲ್ಲಿರುವ ತಮ್ಮ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಲಿ, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕಿತವಾಗಬೇಕು. ಅಧಿಕಾರ ಪತ್ರದ ಮೂಲಕವೇ ಮನೆಯನ್ನು ಕೊಟ್ಟುಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಖಚಿತವಾಗಿ ಹೇಳಿದೆ.

ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಪಂಚಾಯಿತಿಯಲ್ಲಿ ಖಾತೆಯನ್ನು ನಾಲ್ವರ ಹೆಸರಿಗೆ ಮಾಡಿಸಿ, ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಪಡೆಯಿರಿ. ಅವಿಲ್ಲದೆ ಪಂಚಾಯಿತಿ ವ್ಯಾಪ್ತಿಯ ಮನೆಯ ನೋಂದಣಿ ಮುಂದುವರಿಯುವುದಿಲ್ಲ. ಭೂ ಪರಿವರ್ತನೆಯ ಆದೇಶ, 1979ಕ್ಕೂ ಹಿಂದಿನ ಮೂಲ ಕ್ರಯಪತ್ರ, ಋಣಭಾರ ಪತ್ರ ಇವನ್ನು ಒಟ್ಟುಮಾಡಿ. ನಿಮ್ಮ ತಂದೆಯವರಿಗೆ ಜಾಗ ಮಾರಿದವರದು ಜಮ್ಮಾ ಜಾಗವಾಗಿತ್ತೇ (ಕೊಡಗಿನಲ್ಲಿ ಇಡೀ ಮನೆತನಕ್ಕೆ ವಂಶಪಾರಂಪರ್ಯವಾಗಿ ಸೇರಿದ ಹಿಡುವಳಿ) ಎಂಬುದನ್ನು ಹಳೆಯ ಕ್ರಯಪತ್ರದಲ್ಲಿಯೇ ನೋಡಿ. ಆಗಿದ್ದರೆ, ಆ ಒಕ್ಕದ, ಅಂದರೆ ಮನೆತನದ, ಪಟ್ಟೆದಾರರು ಮತ್ತು ಉಳಿದ ಹಕ್ಕುದಾರರು ಒಪ್ಪಿ ಸಹಿ ಹಾಕಿದ್ದಾರೆಯೇ ಎಂದು ಖರೀದಿದಾರರ ವಕೀಲರು ಖಂಡಿತ ಕೇಳುತ್ತಾರೆ. ಹಕ್ಕಿನ ದೋಷವೂ ಗುಪ್ತ ದೋಷವೇ ಎಂಬುದನ್ನು ಮರೆಯಬೇಡಿ. ಅಂಗಳದಲ್ಲಿ ಬೀಟೆ ಮರವಿದ್ದರೆ ಅದರ ಮೇಲಿನ ಹಕ್ಕು ಜಾಗದ ಬಗೆಯನ್ನು ಅವಲಂಬಿಸಿರುತ್ತದೆ. ಅದು ನಿಮ್ಮದೆಂದು ಖಚಿತವಾಗುವವರೆಗೆ ಮಾತುಕತೆಯಲ್ಲಿ ಅದನ್ನು ಎತ್ತಬೇಡಿ.

ತೆರಿಗೆಯ ವಿಷಯದಲ್ಲಿ ಹಳೆಯ ಮನೆಗೇ ಅಂಟಿಕೊಂಡ ಒಂದು ತೊಡಕಿದೆ. ದೋಷಗಳ ಕಾರಣದಿಂದ ನೀವು ಒಪ್ಪಿದ ಬೆಲೆ ಸರ್ಕಾರದ ಮಾರ್ಗಸೂಚಿ ಮೌಲ್ಯಕ್ಕಿಂತ ಕೆಳಗಿಳಿದು, ವ್ಯತ್ಯಾಸ ಶೇ 10ನ್ನು ಮೀರಿದರೆ, ನಿಮ್ಮ ಕೈಗೆ ಬಾರದ ಹಣಕ್ಕೂ ಲಾಭದ ತೆರಿಗೆ ಬೀಳಬಹುದು. ಆದ್ದರಿಂದ ನೋಂದಣಿಯ ಅರ್ಜಿಯಲ್ಲಿ ಕಟ್ಟಡದ ವಯಸ್ಸು ಮತ್ತು ಮಾಡಿನ ಬಗೆ ಸರಿಯಾಗಿ ನಮೂದಾಗಬೇಕು. ಹೆಂಚಿನ ಮನೆ ತಾರಸಿ ಮನೆಯೆಂದು ದಾಖಲಾದರೆ ಮೌಲ್ಯ ಸುಮ್ಮನೆ ಏರುತ್ತದೆ. ದೋಷಗಳ ಅನುಬಂಧ ಮತ್ತು ಮೇಸ್ತ್ರಿಯ ಅಂದಾಜು ಮುಂದೆ ತೆರಿಗೆ ಅಧಿಕಾರಿಯ ಎದುರೂ ನಿಮಗೆ ಆಧಾರವಾಗುತ್ತವೆ. ಲಾಭದ ಲೆಕ್ಕಕ್ಕೆ 2001ರ ಏಪ್ರಿಲ್ 1ರಂದು ಇದ್ದ ಮೌಲ್ಯವನ್ನು ನೋಂದಾಯಿತ ಮೌಲ್ಯಮಾಪಕರಿಂದ ಬರೆಸಿಕೊಳ್ಳಿ. ಭಾರತದಲ್ಲಿ ವಾಸಿಸುವ ನೀವು ಮೂವರು ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5 ಅಥವಾ ಹೊಂದಾಣಿಕೆಯೊಂದಿಗೆ ಶೇ 20, ಇವೆರಡರಲ್ಲಿ ಕಡಿಮೆಯಾಗುವುದನ್ನು ಆರಿಸಿಕೊಳ್ಳಬಹುದು. ಅನಿವಾಸಿಯಾದ ತಮ್ಮನಿಗೆ ಆ ಆಯ್ಕೆ ಇಲ್ಲ, ಮತ್ತು ಅವರ ಪಾಲಿನ ಹಣದಿಂದ ಖರೀದಿದಾರರು ಮೂಲದಲ್ಲಿಯೇ ಹೆಚ್ಚಿನ ದರದಲ್ಲಿ ತೆರಿಗೆ ಕಡಿತ ಮಾಡಬೇಕಾಗುತ್ತದೆ. ನಗದಿನಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡ ಪಡೆಯಬೇಡಿ.

ಈ ದಾಖಲೆಗಳೆಲ್ಲ ಸಿದ್ಧವಾಗಲು ಕೆಲವು ತಿಂಗಳು ಹಿಡಿಯುತ್ತದೆ. ಮೇ ತಿಂಗಳೊಳಗೆ ನೋಂದಣಿಯೇ ಮುಗಿಯುವ ಭರವಸೆ ಇಲ್ಲದಿದ್ದರೆ ಈ ಬೇಸಿಗೆಯಲ್ಲಿ ಕರಾರಿಗೆ ಅವಸರಪಡಬೇಡಿ. ಮಳೆಗಾಲದಲ್ಲಿ ಜೋರು ಮಳೆಯ ಒಂದು ದಿನ ತಂಗಿಯನ್ನೂ ಕರೆದುಕೊಂಡು ಹೋಗಿ ಮನೆಯ ಬಾಗಿಲು ತೆರೆಯಿರಿ. ಹಿಂದಿನ ಕೋಣೆಗೆ ಮಾತ್ರ ಹೋಗದೆ, ಅಡುಗೆಮನೆಯಲ್ಲಿ ಎಲ್ಲೆಲ್ಲಿ ಪಾತ್ರೆ ಇಡಬೇಕಾಗುತ್ತದೆ, ಪೂರ್ವದ ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಏರಿದೆ, ಬರೆಯ ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದರ ಫೋಟೋ ತೆಗೆದು ಬರೆದಿಡಿ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದು ಮನೆ ನೋಡಲು ಬರುವವರ ಕೈಗೆ ಮೊದಲು ಆ ಹಾಳೆಗಳನ್ನು ಕೊಟ್ಟು, ಆಮೇಲೆ ಮನೆ ತೋರಿಸಿ.